ಹಾಳೆ ಹರಿಯಬೇಡಿ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ಈ ಮೈಕ್ ರಿಪೇರಿ ಮಾಡು ಅಂದಿದ್ರೆ ಧೈರ್ಯವಾಗಿ ಮಾಡ್ತಿದ್ದೆ. ಇದರ ಮುಂದೆ ನಿಂತು ಬರವಣಿಗೆ ಬಗ್ಗೆ ಮಾತಾಡು ಅಂದಿದ್ದೀರಿ, ಕೈ ನಡುಗ್ತಾ ಇದೆ.

ನಾನು ಮಂಡ್ಯ ಕಡೆಯವನು. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತವನು. ಮೊದಲು ಸಿಡ್ನಿ, ಈಗ ಮೆಲ್ಬರ್ನ್. 2021ರ ಮೇ ತಿಂಗಳಲ್ಲಿ ಊರಲ್ಲಿ ಅಪ್ಪ ತೀರಿಕೊಂಡರು. ಕೊರೋನಾದಿಂದ ಗಡಿ ಮುಚ್ಚಿತ್ತು, ಇಲ್ಲಿಂದ ಹೊರಡೋಕೂ ಸರ್ಕಾರದ ಅನುಮತಿ ಬೇಕಿತ್ತು. ಮಣ್ಣು ಮಾಡೋದನ್ನ ಫೋನಿನಲ್ಲಿ ನೋಡಿದೆ. ನಡುವೆ ನೆಟ್‌ವರ್ಕ್ ಹೋಯ್ತು. ಅವತ್ತು ರಾತ್ರಿ ಕೆಲಸದ ಡೈರಿಯಲ್ಲಿ ನಾಲ್ಕು ಸಾಲು ಬರೆದೆ. ಶುರುವಾಗಿದ್ದು ಹಾಗೆ.

ಮಾರನೇ ದಿನ ಓದಿದರೆ ನಾಚಿಕೆ ಆಯ್ತು. ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲಲ್ಲ. ‘ಹಳ್ಳಿ’ ಇರಬೇಕಾದ ಕಡೆ ‘ಅಳ್ಳಿ’ ಅಂತ ಬರೆದಿದ್ದೆ. ‘ನಿನಗ್ಯಾಕಯ್ಯಾ ಕಥೆ, ವೈರ್ ಎಳ್ಕೊಂಡು ಇರು’ ಅಂತ ಒಳಗಿಂದ ಒಬ್ಬ ಹೇಳ್ತಿದ್ದ. ಮೂರು ಸಲ ಬರೆದೆ, ಮೂರು ಸಲವೂ ಹರಿದೆ.

ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿದ್ದಾಗ ನನ್ನ ರೈಲು ದಿನಾ ಕ್ಲೈಡ್ ದಾಟುತ್ತಿತ್ತು. ಅಲ್ಲಿ ರೈಲು ಡಬ್ಬಿಗಳಿಗೆ ಬಣ್ಣ ಹೊಡೀತಿದ್ದ ಹುಡುಗನೇ ಈ ದೇಶದ ದೊಡ್ಡ ಕಥೆಗಾರ ಹೆನ್ರಿ ಲಾಸನ್ ಅಂತ ಗೊತ್ತಾಗಿದ್ದು ಮೆಲ್ಬರ್ನ್‌ಗೆ ಬಂದ ಮೇಲೆ, ಸ್ವಾನ್‌ಸ್ಟನ್ ಸ್ಟ್ರೀಟ್‌ನ ಸ್ಟೇಟ್ ಲೈಬ್ರರಿಯಲ್ಲಿ. ಚಿಕ್ಕಂದಿನಲ್ಲೇ ಅವನ ಕಿವಿ ಕೆಟ್ಟಿತ್ತು. ರಾತ್ರಿ ಶಾಲೆಗೆ ಹೋದರೂ ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಆದರೂ 1887ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ‘ಬುಲೆಟಿನ್’ ಪತ್ರಿಕೆಯಲ್ಲಿ ಪದ್ಯ ಅಚ್ಚಾಯ್ತು. ಬಡತನ, ಕುಡಿತ ಕೊನೆವರೆಗೂ ಕಾಡಿದವು. 1966ರಲ್ಲಿ ಬಂದ ಹತ್ತು ಡಾಲರ್ ನೋಟಿನ ಮೇಲೆ ಅವನ ಮುಖ ಇತ್ತು.

ನಮ್ಮ ಕುವೆಂಪು ಅವರೂ ಮೊದಲು ಬರೆದಿದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಬಂದ ಆ ಪುಸ್ತಕದ ಹೆಸರೇ ‘ಬಿಗಿನರ್ಸ್ ಮ್ಯೂಸ್’. ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅವರ ಇಂಗ್ಲಿಷ್ ಕವಿತೆ ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂದರು. ಅಂಥವರೂ ಹೊಸಬರಾಗಿಯೇ ಶುರುಮಾಡಿ, ದಾರಿ ಬದಲಿಸಿದರು.

ಸೇಫ್ಟಿ ಸ್ವಿಚ್ ಟ್ರಿಪ್ ಆದರೆ ನಾವು ಮನೆ ಕೆಡವಲ್ಲ. ಪ್ಲಗ್ಗೆಲ್ಲ ತೆಗೆದು ಒಂದೊಂದೇ ಹಾಕ್ತಾ ಹೋಗ್ತೀವಿ. ಯಾವುದಕ್ಕೆ ಬೀಳುತ್ತೋ ತೊಂದರೆ ಅಲ್ಲಿ. ನಾಲ್ಕನೇ ಸಲ ಹಾಗೇ ಮಾಡಿದೆ. ಹರಿಯದೆ, ಒಂದೊಂದೇ ಸಾಲು ಹೆಂಡತಿಗೆ ಜೋರಾಗಿ ಓದಿದೆ. ‘ನನ್ನ ಹೃದಯ ಛಿದ್ರವಾಯಿತು’ ಅಂತ ಬಂದಾಗ, ‘ಇದು ನೀವಲ್ಲ ರೀ, ಯಾವುದೋ ಸಿನಿಮಾ’ ಅಂದಳು. ತೆಗೆದು, ‘ನೆಟ್‌ವರ್ಕ್ ಬರುವಷ್ಟರಲ್ಲಿ ಮಣ್ಣು ಮುಚ್ಚಿತ್ತು’ ಅಂತ ಬರೆದೆ. ಏನೂ ಅನ್ನದೆ ಎದ್ದು ಒಳಗೆ ಹೋದಳು. ಆ ಸಾಲು ಉಳೀತು.

ಕಥೆ ಮುಗಿಯೋಕೆ ಹನ್ನೊಂದು ತಿಂಗಳು ಹಿಡೀತು. ಎರಡು ಪತ್ರಿಕೆಗೆ ಕಳಿಸಿದೆ, ಉತ್ತರ ಇಲ್ಲ. ಊರಲ್ಲಿ ತಂಗಿ ಅವ್ವನಿಗೆ ಓದಿ ಹೇಳಿದಳು. ಅವ್ವ ಫೋನ್ ಮಾಡಿ, ‘ನೀ ಬರ್ನಿಲ್ಲ ಅಂತ ಒಟ್ಟೇಲಿ ಸಿಟ್ಟಿತ್ತು ಕಣ್ ಮಗ. ಈಗಿಲ್ಲ’ ಅಂದಳು. ಆ ‘ಒಟ್ಟೆ’ಗೆ ಹಕಾರ ಬೇಕು ಅಂತ ನನಗೆ ಅನ್ನಿಸಲಿಲ್ಲ.

ಸಂಶಯ ಇನ್ನೂ ಹೋಗಿಲ್ಲ. ಕರೆಂಟ್ ಅಂದರೆ ಇವತ್ತಿಗೂ ಹೆದರಿಕೆ ಇದೆ. ಅದಕ್ಕೇ ಟೆಸ್ಟ್ ಮಾಡದೆ ತಂತಿ ಮುಟ್ಟಲ್ಲ, ಹಾಗಂತ ಕೆಲಸ ಬಿಟ್ಟಿಲ್ಲ. ನಿಮ್ಮ ಮೊಬೈಲಲ್ಲಿ ಕನ್ನಡ ಕೀಬೋರ್ಡ್ ಇದೆ, ಸ್ಮೋಕೋದಲ್ಲಿ ಹತ್ತು ನಿಮಿಷ ಸಿಗುತ್ತೆ. ದಿನಕ್ಕೆ ಐದು ಸಾಲು ಬರೀರಿ, ಹರೀಬೇಡಿ. ಮುಂದಿನ ವರ್ಷ ನಿಮ್ಮದನ್ನ ಕೇಳೋಕೆ ನಾನು ಕೆಳಗೆ ಕೂತಿರ್ತೀನಿ.