ವಸ್ತುಪ್ರದರ್ಶನದ ಮರುದಿನ

(ಪ್ರತಿಷ್ಠಾ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಉತ್ಸವವೆಂದ ಮೇಲೆ ಅದರ ಮಗ್ಗುಲಲ್ಲಿ ಒಂದು ವಸ್ತುಪ್ರದರ್ಶನವಿರುವುದು ವಾಡಿಕೆಯಾಗಿದೆ. ಶಾಸನಗಳ ಛಾಯಾಚಿತ್ರಗಳು, ಪುಸ್ತಕ ಮಳಿಗೆಗಳು, ಮಕ್ಕಳು ಮಾಡಿದ ಮಾದರಿಗಳು, ಇವನ್ನೆಲ್ಲ ಕಂಡು ಜನರು ಸಂತೋಷಪಡುತ್ತಾರೆ, ತಿಳಿವಳಿಕೆಯನ್ನೂ ಪಡೆಯುತ್ತಾರೆ. ಇದರ ಪ್ರಯೋಜನವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪ್ರದರ್ಶನ ಮುಗಿದ ಮರುದಿನ ಅದೇ ಮೈದಾನವನ್ನು ನೋಡಲು ಹೋಗುವವರು ವಿರಳ. ಹರಿದ ನೆಲಹಾಸು, ಒಡೆದ ಪ್ಲೈವುಡ್ ಹಲಗೆ, ಥರ್ಮೋಕೋಲಿನ ಚೂರು, ಫ್ಲೆಕ್ಸ್ ಫಲಕಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಅವನ್ನು ಮೂಲೆಗೆ ಗುಡಿಸಿ ಬೆಂಕಿ ಇಡುವುದುಂಟು. ಫ್ಲೆಕ್ಸ್ ಉರಿದಾಗ ಏಳುವ ಹೊಗೆ ವಿಷಮಯವಾದುದು. ಆ ರಾಶಿಯ ಅಡಿಯಲ್ಲಿ ಆಶ್ರಯ ಪಡೆದ ಸಣ್ಣಪುಟ್ಟ ಜೀವಿಗಳ ಗತಿಯನ್ನು ಹೇಳಬೇಕಾಗಿಲ್ಲ.

ಈ ಕಸವು ಕೊನೆಯ ದಿನ ಹುಟ್ಟುವುದಿಲ್ಲ. ಮೊದಲ ಮೊಳೆ ಹೊಡೆಯುವುದಕ್ಕೂ ಮುಂಚೆಯೇ ಅದು ನಿಶ್ಚಯವಾಗಿರುತ್ತದೆ. ಹಲಗೆಗೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಅಂಟಿನಿಂದ ಮೆತ್ತಿದರೆ ಮುಂದೆ ಅವೆರಡನ್ನೂ ಬೇರ್ಪಡಿಸಲಾಗದು. ಮರವೂ ಹಾಳು, ಹಾಳೆಯೂ ಹಾಳು. ಅದೇ ಹಲಗೆಗೆ ಬಟ್ಟೆಯನ್ನು ಬಿಗಿದು ಕಟ್ಟಿದರೆ, ಬಿಚ್ಚಿದ ಮರುಕ್ಷಣ ಎರಡೂ ಇನ್ನೊಂದು ಕೆಲಸಕ್ಕೆ ಸಿದ್ಧ.

ದೊಡ್ಡ ಪ್ರದರ್ಶನಗಳಲ್ಲಿ ಇದು ಹೇಗೆ ಸಾಧ್ಯವೆಂದು ಕೇಳುವವರಿಗೆ ಇತಿಹಾಸದಲ್ಲಿ ಉತ್ತರವಿದೆ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬಾತನು ಕಬ್ಬಿಣ ಮತ್ತು ಗಾಜಿನ ಭವನವೊಂದನ್ನು ಯೋಜಿಸಿದನು. ಆರು ತಿಂಗಳಿಗೂ ಕಡಮೆ ಅವಧಿಯಲ್ಲಿ ಅರವತ್ತು ಲಕ್ಷಕ್ಕೂ ಮಿಕ್ಕಿ ಸಂದರ್ಶಕರು ಅದನ್ನು ಹೊಕ್ಕು ಬಂದರು. ಅದರ ಬಿಡಿಭಾಗಗಳು ನಿಯತ ಅಳತೆಗಳಲ್ಲಿ ತಯಾರಾಗಿ ಬಂದು ಸ್ಥಳದಲ್ಲಿ ಜೋಡಣೆಗೊಂಡುವು. ಆದುದರಿಂದ ಬಿಚ್ಚುವುದೂ ಸುಲಭವಾಯಿತು. ಕಟ್ಟುವಾಗ ನಿವೇಶನದ ಸುತ್ತ ನಿಲ್ಲಿಸಿದ್ದ ಬೇಲಿಯ ಹಲಗೆಗಳನ್ನೇ ಮುಂದೆ ಭವನದ ನೆಲಕ್ಕೆ ಹಾಸಲಾಯಿತು. ಉದ್ಯಾನದ ಹಿರಿಯ ಎಲ್ಮ್ ಮರಗಳನ್ನು ಕಡಿಯದೆ ಛಾವಣಿಯನ್ನೇ ಅವುಗಳ ಮೇಲಕ್ಕೆ ಎತ್ತರಿಸಲಾಯಿತು. ಪ್ರದರ್ಶನ ಮುಗಿದ ಬಳಿಕ ಭವನವು ಸಿಡನ್‌ಹ್ಯಾಮಿಗೆ ಸಾಗಿ, 1854ರಲ್ಲಿ ಇನ್ನೂ ದೊಡ್ಡದಾಗಿ ತಲೆಯೆತ್ತಿ, 1936ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೆ ಬಾಳಿತು.

2000ನೆಯ ಇಸವಿಯಲ್ಲಿ ಜರ್ಮನಿಯ ಹ್ಯಾನೋವರಿನ ವಿಶ್ವಪ್ರದರ್ಶನದಲ್ಲಿ ಸ್ವಿಟ್ಜರ್‌ಲೆಂಡಿನ ಮಂಟಪವನ್ನು ಪೀಟರ್ ಜುಂಥೋರ್ ರೂಪಿಸಿದರು. ಹಸಿಯ ಮರದ ತೊಲೆಗಳನ್ನು ಒಂದರ ಮೇಲೊಂದು ಪೇರಿಸಿ, ಅಂಟಾಗಲಿ ಮೊಳೆಯಾಗಲಿ ಇಲ್ಲದೆ, ಉಕ್ಕಿನ ಸರಳು ಮತ್ತು ಸ್ಪ್ರಿಂಗುಗಳ ಬಿಗಿತದಿಂದ ಗೋಡೆಗಳನ್ನು ನಿಲ್ಲಿಸಿದ್ದರು. ಪ್ರದರ್ಶನ ನಡೆದ ಐದು ತಿಂಗಳುಗಳಲ್ಲಿ ಮರ ಗಾಳಿಗೆ ಒಣಗಿ ಹದವಾಯಿತು. ಕೊನೆಗೆ ಅದನ್ನು ಒಳ್ಳೆಯ ನಾಟಾ ಎಂದು ಮಾರಲಾಯಿತು. ಅಲ್ಲಿ ಪ್ರದರ್ಶನವೇ ಮರ ಒಣಗಿಸುವ ಕಣವಾಯಿತು ಎಂದರೆ ತಪ್ಪಾಗದು.

ಪರದೇಶದ ಮಾತು ಹಾಗಿರಲಿ. ಲಂಡನ್ನಿನ ಆ ಭವನದಿಂದ ಪ್ರೇರಣೆ ಪಡೆದು 1889ರಲ್ಲಿ ಅಸ್ತಿಭಾರ ಕಂಡ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ ಫಲಪುಷ್ಪ ಪ್ರದರ್ಶನಕ್ಕೆ ಸ್ಥಿರವಾದ ಸೂರನ್ನು ಒದಗಿಸಿದೆ. ಹೂ ಬದಲಾಗುತ್ತದೆ, ಸೂರು ಬದಲಾಗುವುದಿಲ್ಲ. ಕರಾವಳಿಯ ಹಳೆಯ ಚಪ್ಪರವೂ ಇದೇ ಪಾಠವನ್ನು ಹೇಳುತ್ತದೆ: ಅಡಕೆ ಮರದ ಕಂಬ, ಹೆಣೆದ ತೆಂಗಿನ ಗರಿ, ಕಟ್ಟಲು ಹಗ್ಗ. ಬಿಚ್ಚಿದ ಮೇಲೆ ಕಂಬ ಮತ್ತೊಂದು ಚಪ್ಪರಕ್ಕೆ, ಗರಿ ತೋಟಕ್ಕೆ ಅಥವಾ ಒಲೆಗೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳನ್ನು ನೋಡಬಹುದು. ಪೆಟ್ಟಿಗೆ, ಮಣೆ, ಹಲಗೆಗಳೇ ಮೆಟ್ಟಿಲುಗಳಾಗುತ್ತವೆ. ಮೇಲೊಂದು ಬಿಳಿಯ ಪಂಚೆ ಹಾಸಿದರೆ ಆಯಿತು. ಹತ್ತನೆಯ ದಿನ ಕಳೆದ ಮೇಲೆ ಪಂಚೆ ಅಗಸೆಗೆ ಹೋಗುತ್ತದೆ, ಅಜ್ಜಿಯ ಕಾಲದ ಗೊಂಬೆ ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತದೆ. ಕಸಬರಿಕೆಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ.

ಕಾನೂನೂ ಈ ಮಾತಿಗೆ ಒತ್ತಾಸೆಯಾಗಿದೆ. ಕರ್ನಾಟಕ ಸರ್ಕಾರವು 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿತು. ಅಲಂಕಾರದ ಥರ್ಮೋಕೋಲು 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷಿದ್ಧ. ಆದರೆ ಆಜ್ಞೆಯಿಂದಲೇ ಎಲ್ಲವೂ ಆಗದು. ವ್ಯವಸ್ಥಾಪಕರ ವಿವೇಕ ಬೇಕು.

ಆ ವಿವೇಕದ ದಾರಿ ಕಠಿಣವಲ್ಲ. ಕೊಳ್ಳುವ ಮೊದಲು ಎರವಲು ದೊರೆಯುವುದೇ ಎಂದು ಶಾಲೆ, ಛತ್ರ, ನೆರೆಯೂರಿನ ಬಸದಿಗಳಲ್ಲಿ ವಿಚಾರಿಸಬೇಕು. ಮೇಜು, ಚೌಕಟ್ಟುಗಳನ್ನು ಒಂದೇ ಅಳತೆಯಲ್ಲಿ ಮಾಡಿಸಿ, ಹಲವು ಊರಿನವರು ಸೇರಿ ಒಂದೆಡೆ ಕಾಪಾಡಿಕೊಳ್ಳಬೇಕು. ಅಂಟಿಗೆ ಬದಲು ತಿರುಪುಮೊಳೆ, ಮೊಳೆಗೆ ಬದಲು ಹಗ್ಗ ಬಳಸಬೇಕು. ಬಟ್ಟೆಯ ಫಲಕದ ಮೇಲೆ ಇಸವಿಯನ್ನು ಬರೆಯದಿದ್ದರೆ ಅದು ಹತ್ತು ಉತ್ಸವಗಳಿಗೆ ಒದಗೀತು.

ಇಲ್ಲಿ ಒಂದು ತೊಡಕುಂಟು. ಬಿಡಿಸಿ ಜೋಪಾನ ಮಾಡುವುದಕ್ಕೆ ಒಡೆದು ಎಸೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕು, ಕೂಲಿಯೂ ಬೇಕು. ಮೈದಾನವನ್ನು ಅದೇ ರಾತ್ರಿ ತೆರವು ಮಾಡಬೇಕೆಂದಾಗ ಕೊಡಲಿಯೇ ಕೈಗೆ ಬರುತ್ತದೆ. ಆದುದರಿಂದ ಉತ್ಸವದ ಆಯವ್ಯಯ ಪಟ್ಟಿಯಲ್ಲಿ ಕಟ್ಟುವ ದಿನಗಳಂತೆ ಬಿಚ್ಚುವ ದಿನವೊಂದಕ್ಕೂ ಹಣ, ಜನ, ಜಾಗಗಳನ್ನು ಮೊದಲೇ ಗೊತ್ತುಮಾಡುವುದು ಅಗತ್ಯ. ಬಿಚ್ಚುವವರಿಗೂ ಕಟ್ಟಿದವರಷ್ಟೇ ಗೌರವ ಸಲ್ಲಬೇಕು.

ಮುನಿಗಳ ಐದು ಸಮಿತಿಗಳಲ್ಲಿ ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ಜೀವಬಾಧೆಯಾಗದಂತೆ ಎಚ್ಚರವಹಿಸುವ ಆದಾನನಿಕ್ಷೇಪಣ ಸಮಿತಿಯೊಂದು. ಬಿಡಬೇಕಾದುದನ್ನು ನಿರ್ಜಂತುವಾದ ಎಡೆಯಲ್ಲಿ ಬಿಡುವ ಉತ್ಸರ್ಗ ಸಮಿತಿ ಇನ್ನೊಂದು. ಶ್ರಾವಕರು ಆ ಎತ್ತರವನ್ನು ಮುಟ್ಟಲಾರರಾದರೂ ಅದರ ನೆನಪನ್ನು ಇಟ್ಟುಕೊಳ್ಳಬಲ್ಲರು. ಪ್ರದರ್ಶನಕ್ಕೆಂದು ಊರೂರುಗಳಲ್ಲಿ ಸಮಿತಿಗಳು ರಚಿತವಾಗುತ್ತವೆ. ಆ ಹೆಸರು ಸಾರ್ಥಕವಾಯಿತೋ ಇಲ್ಲವೋ ಎಂಬುದು ಉದ್ಘಾಟನೆಯ ದಿನ ತಿಳಿಯುವುದಿಲ್ಲ. ಮರುದಿನದ ಮೈದಾನ ಅದನ್ನು ಹೇಳುತ್ತದೆ.