ನಿದ್ದೆಯ ಲೆಕ್ಕ ಇಡಿರಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳದ ಬಗ್ಗೆ, ರಜೆಯ ಬಗ್ಗೆ ಇಲ್ಲಿ ಅನೇಕ ಸಲ ಮಾತನಾಡಿದ್ದೇವೆ. ಈ ದಿನ ನಿದ್ದೆಯ ಬಗ್ಗೆ ಮಾತನಾಡಬೇಕೆಂದಿದ್ದೇನೆ. ನಗಬೇಡಿ. ಒಬ್ಬ ಮಾಣಿಗೆ ತಲೆ ಕೆಟ್ಟಿತೆಂದು ಊರಿನ ಬಸ್ಸು ಹತ್ತಿಸುವವರು ಬೇಕಾದಷ್ಟು ಜನರಿದ್ದಾರೆ. ಅವನ ನಿದ್ದೆ ಏನಾಗಿತ್ತೆಂದು ಕೇಳುವವರಿಲ್ಲ.

ಮುಂಬಯಿ ಮಲಗದ ಊರೆಂದು ಹೊಗಳುತ್ತಾರೆ. ಮಲಗದವರು ಯಾರು? ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿದ್ದಾರೆ, ಅವರಿಗೆ ಗೊತ್ತು. ಪರೇಲ್, ಲಾಲ್‌ಬಾಗ್‌ಗಳಲ್ಲಿ ಮೂರು ಪಾಳಿ ನಡೆಯುತ್ತಿದ್ದಾಗ ಒಂದು ಪಾಳಿಯವರು ಎದ್ದ ಜಾಗದಲ್ಲೇ ಇನ್ನೊಂದು ಪಾಳಿಯವರು ಮಲಗುತ್ತಿದ್ದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ರಾತ್ರಿಪಾಳಿ ಮುಚ್ಚಲಿಲ್ಲ. ಅದು ಹೋಟೆಲಿಗೆ, ವಾಚ್‌ಮನ್ನನ ಕುರ್ಚಿಗೆ ಬಂದು ಕುಳಿತಿದೆ. ಮೇಜು ಒರೆಸಿ ಮಲಗುವಾಗ ಹನ್ನೆರಡೂವರೆ. ಇಡ್ಲಿ ಬೇಯಿಸುವವನಿಗೆ ನಾಲ್ಕಕ್ಕೇ ಬೆಳಗು.

ಮೆದುಳಿನೊಳಗೆ ಒಂದು ಗಡಿಯಾರವುಂಟು. ಕಣ್ಣಿಗೆ ಬೀಳುವ ಬೆಳಕಿನಿಂದ ಅದು ದಿನವೂ ತನ್ನ ವೇಳೆಯನ್ನು ಸರಿಪಡಿಸಿಕೊಳ್ಳುತ್ತದೆ. ಇಂಥ ಗಡಿಯಾರ ಜೀವಕೋಶದೊಳಗೆ ನಡೆಯುವ ಬಗೆಯನ್ನು ಕಂಡುಹಿಡಿದ ಅಮೆರಿಕದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಆ ಗಡಿಯಾರ ಧಣಿಯ ಹಾಜರಿ ಪುಸ್ತಕವನ್ನು ನೋಡುವುದಿಲ್ಲ. ಬೆಳಗಿನ ಜಾವ ಅದು ಮೈಯ ಬಿಸಿಯನ್ನು ಇಳಿಸಿ ದೇಹಕ್ಕೆ ಮಲಗೆನ್ನುತ್ತದೆ. ಆಗ ಕಾದ ಎಣ್ಣೆಯ ಮುಂದೆ ನಿಂತವನ ಕೈ ತಪ್ಪಿದರೆ ಅದು ಸೋಮಾರಿತನವಲ್ಲ. ವಾರವಾರ ಪಾಳಿ ಬದಲಾದರೆ, ಗಡಿಯಾರ ಹೊಂದಿಕೊಳ್ಳುವಷ್ಟರಲ್ಲಿ ಮತ್ತೊಂದು ಪಾಳಿ ಬಂದಿರುತ್ತದೆ.

ಆದರೆ ನಿದ್ದೆಗೇಡೆಲ್ಲ ಒಂದೇ ಅಲ್ಲ. ಮೊದಲು ಕೇಳಬೇಕಾದದ್ದು: ಜಾಗ, ಸಮಯ ಸಿಕ್ಕಿದಾಗ ನಿದ್ದೆ ಬರುತ್ತದೆಯೇ? ರಜೆಯ ದಿನ ಗಡದ್ದಾಗಿ ಮಲಗಿ ಎದ್ದು ಹಗುರಾಗುವವನಿಗೆ ಬೇಕಾದದ್ದು ಗುಳಿಗೆಯಲ್ಲ, ಬಿಡುವು. ಅದನ್ನು ಧಣಿಗಳೊಡನೆ ಕೇಳುವುದು ಸಂಘದ ಕೆಲಸ. ರಜೆಯಲ್ಲೂ ಏಳುವ ಹೊತ್ತಿಗೆ 2–3 ತಾಸು ಮೊದಲೇ ಎಚ್ಚರಾಗಿ, ಊಟ ಬೇಡ, ಊರಿನ ಫೋನೂ ಬೇಡವೆಂದು ವಾರಗಟ್ಟಲೆ ಮಂಕಾಗಿರುವವನ ಮನಸ್ಸು ಕಾಯಿಲೆ ಬಿದ್ದಿರಬಹುದು. ಸಾಯುವ ಮಾತೆತ್ತಿದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೊಬ್ಬನಿದ್ದಾನೆ, ಅವನನ್ನು ನಾವು ಹೊಗಳಿಬಿಡುತ್ತೇವೆ! ಎರಡು ತಾಸು ಮಲಗಿದರೂ ದಣಿವಿಲ್ಲ, ಇಬ್ಬರ ಕೆಲಸ ಮಾಡುತ್ತಾನೆ, ಮಾತು ನಿಲ್ಲಿಸುವುದಿಲ್ಲ, ಸಂಬಳವನ್ನೆಲ್ಲ ಒಂದೇ ದಿನ ಹಂಚಿಬಿಡುತ್ತಾನೆ. ನಾಲ್ಕಾರು ದಿನ ಹೀಗೆ ನಡೆದರೆ ಅವನನ್ನೂ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ನಿದ್ದೆಗೆಟ್ಟಷ್ಟೂ ಆ ಕಾಯಿಲೆ ಕೆರಳುತ್ತದೆ. ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುವವನ ತೊಂದರೆ ಬೇರೆ, ಅದಕ್ಕೂ ವೈದ್ಯರಿದ್ದಾರೆ.

ಇವನ್ನೆಲ್ಲ ಬಾಯಿಮಾತಿನಲ್ಲಿ ನೆನಪಿಟ್ಟು ಹೇಳಲಾಗದು. ಹಳೆಯ ಬಿಲ್ಲಿನ ಹಿಂಬದಿ ಸಾಕು, 14 ದಿನ ಬರೆಯಿರಿ. ಯಾವ ಪಾಳಿ, ಮಲಗಿದ್ದೆಷ್ಟಕ್ಕೆ, ನಿದ್ದೆ ಹತ್ತಿದ್ದೆಷ್ಟಕ್ಕೆ, ಎದ್ದದ್ದೆಷ್ಟಕ್ಕೆ, ಕೊನೆಯ ಚಹಾ ಯಾವಾಗ. ಕುಡಿದಿದ್ದರೆ ಅದೂ ಇರಲಿ; ಹೆಂಡ ಬೇಗ ಮಲಗಿಸಿ ನಡುರಾತ್ರಿ ಎಬ್ಬಿಸುತ್ತದೆ. ಬರೆಯಲು ಬಾರದವನಿಗೆ ಪಕ್ಕದವನು ಬರೆದುಕೊಡಲಿ. ಮಲಗಲು ಅವಕಾಶವಿದ್ದೂ ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ನಿದ್ದೆಯಿಲ್ಲದೆ ಹಗಲಿನ ಕೆಲಸ ಕೆಟ್ಟರೆ, ವೈದ್ಯರು ಅದನ್ನು ಬೇರೂರಿದ ನಿದ್ರಾಹೀನತೆಯೆನ್ನುತ್ತಾರೆ. ಅಷ್ಟು ದಿನ ಕಾಯಬೇಕೆಂದೇನೂ ಇಲ್ಲ.

ಪರೇಲಿನ ಕೆ.ಇ.ಎಂ., ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ಗೆ 14416 ಒತ್ತಿದರೆ ಖರ್ಚಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು. ಬರಿದೇ ನಿದ್ದೆ ಬರುವುದಿಲ್ಲವೆಂದರೆ ಗುಳಿಗೆ ಕೊಟ್ಟು ಕಳಿಸಿಯಾರು. ಚೀಟಿ ಮುಂದಿಟ್ಟರೆ ವಿಚಾರಿಸುತ್ತಾರೆ. ಅದರ ಪ್ರತಿಯೊಂದನ್ನು ಹೆಸರಿಲ್ಲದೆ ನಮ್ಮ ಕಚೇರಿಗೂ ಕೊಡಿರಿ. ಒಂದು ಪಾಳಿ ಮುಗಿದು ಇನ್ನೊಂದಕ್ಕೆ ನಿಲ್ಲುವ ನಡುವೆ ನಮಗೆ ಎಷ್ಟು ತಾಸು ಸಿಗುತ್ತದೆಂಬುದನ್ನು ಧಣಿಗಳ ಮುಂದೆ ಇಡಬೇಕಾಗಿದೆ.