ಟಕೋಮಾ ಬಂದರಿನಿಂದ ಪೀಣ್ಯದವರೆಗೆ: ಮೋಟಾರು ಉದ್ಯಮದ ಇಂದಿನ ಇಕ್ಕಟ್ಟು

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೋಟಾರು ಉದ್ಯಮದ ಬಗ್ಗೆ ಮಾತನಾಡಲು ವೈದ್ಯರನ್ನು ಕರೆದುದೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಎದ್ದಿರಬಹುದು. ಈ ಸಭೆಯಲ್ಲಿ ಇಂಜಿನಿಯರುಗಳಿಗೆ ಕೊರತೆಯಿಲ್ಲ. ಯಂತ್ರದ ಒಳಹೊರಗನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಆದರೆ ಕಂಪನಿಗಳ ಲೆಕ್ಕಪುಸ್ತಕದಲ್ಲಿ ಕಾಣದ ಕೆಲವು ಸಂಗತಿಗಳು ವೈದ್ಯರ ಕೋಣೆಯಲ್ಲಿ ಕಾಣುತ್ತವೆ. ಪಾಳಿ ಕಡಿತವಾದ ತಿಂಗಳು ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವವರು, ಕೆಲಸದೊಡನೆ ವಿಮೆಯೂ ಹೋದ ಮೇಲೆ ಸಕ್ಕರೆ ಕಾಯಿಲೆಯ ತಪಾಸಣೆಯನ್ನೇ ಮುಂದೂಡುವವರು ನಮ್ಮ ಬಳಿಗೆ ಬರುತ್ತಾರೆ. ಉದ್ಯಮವೊಂದಕ್ಕೆ ಒತ್ತಡ ಬಂದಾಗ ಆ ಒತ್ತಡ ಯಾರನ್ನು ಮೊದಲು ತಾಕುತ್ತದೆ, ಅದನ್ನು ತಾಳಿಕೊಂಡು ಕೊನೆಗೆ ಉಳಿಯುವುದು ಯಾವುದು, ಇವೆರಡೇ ಇಂದಿನ ನಮ್ಮ ಮಾತಿನ ವಿಷಯ.

ಮೊದಲು ನಮ್ಮ ಅಂಗಳದಿಂದಲೇ ಆರಂಭಿಸೋಣ. ಈ ಊರಿಗೆ ಬಂದಿಳಿದ ಕನ್ನಡ ಕುಟುಂಬ ಕೊಳ್ಳುವ ಮೊದಲ ದೊಡ್ಡ ವಸ್ತು ಕಾರು. ನಮ್ಮಲ್ಲಿ ಬಹುಮಂದಿ ಟೊಯೋಟಾ, ಹೋಂಡಾಗಳನ್ನು ನೆಚ್ಚಿದವರು. ಒಂದೇ ಮಳಿಗೆಯಲ್ಲಿ ಅಕ್ಕಪಕ್ಕ ನಿಂತ ಟೊಯೋಟಾ ಕ್ಯಾಮ್ರಿಯನ್ನೂ ಪ್ರಿಯಸ್ಸನ್ನೂ ಗಮನಿಸಿ. ಕ್ಯಾಮ್ರಿ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ತಯಾರಾದುದು. ಪ್ರಿಯಸ್ ಜಪಾನಿನಿಂದ ಹಡಗೇರಿ ಬಂದುದು. 2025ರ ಏಪ್ರಿಲ್ 3ರಂದು ಅಮೆರಿಕ ಸರ್ಕಾರವು ಆಮದು ಕಾರುಗಳ ಮೇಲೆ ಶೇಕಡ 25ರಷ್ಟು ಹೆಚ್ಚುವರಿ ಸುಂಕ ಹೇರಿದಾಗ, ಒಂದೇ ಹೆಸರು ಹೊತ್ತ ಈ ಎರಡು ಕಾರುಗಳು ಬೇರೆ ಬೇರೆ ಲೆಕ್ಕಕ್ಕೆ ಸೇರಿದವು. ಮೇ 3ರಿಂದ ಇಂಜಿನ್, ಗೇರ್‌ಬಾಕ್ಸ್ ಮುಂತಾದ ಬಿಡಿಭಾಗಗಳಿಗೂ ಸುಂಕ ಬಂದುದರಿಂದ, ಹೊರದೇಶದ ಭಾಗಗಳನ್ನು ಬಳಸುವ ಇಲ್ಲಿನ ಕಾರ್ಖಾನೆಗಳೂ ಪೂರ್ತಿ ಪಾರಾಗಲಿಲ್ಲ. ಜಪಾನಿನೊಡನೆ ಆದ ಒಪ್ಪಂದದಂತೆ ಸೆಪ್ಟೆಂಬರಿನಲ್ಲಿ ಅಲ್ಲಿನ ಕಾರುಗಳ ಸುಂಕ ಒಟ್ಟು ಶೇಕಡ 15ಕ್ಕೆ ಇಳಿಯಿತು. ಅದೇ ತಿಂಗಳ 30ಕ್ಕೆ, ವಿದ್ಯುತ್ ಕಾರು ಕೊಳ್ಳುವವರಿಗೆ ಸಿಗುತ್ತಿದ್ದ 7,500 ಡಾಲರುಗಳವರೆಗಿನ ತೆರಿಗೆ ರಿಯಾಯಿತಿಯೂ ಮುಗಿಯಿತು. ಹೊಸ ಕಾರೊಂದನ್ನು ರೂಪಿಸಿ ಮಾರುಕಟ್ಟೆಗೆ ತರಲು ವರ್ಷಗಳೇ ಹಿಡಿಯುತ್ತವೆ. ಅಂಥ ಉದ್ಯಮದ ಲೆಕ್ಕಾಚಾರದ ತಳಹದಿ ಆರು ತಿಂಗಳಲ್ಲಿ ನಾಲ್ಕು ಬಾರಿ ಅಲುಗಿತು. ಟಕೋಮಾ ಬಂದರಿನಲ್ಲಿ ಹಡಗಿನಿಂದಿಳಿದು ಸಾಲಾಗಿ ನಿಲ್ಲುವ ಕಾರುಗಳನ್ನು ನೀವು ಕಂಡಿರುತ್ತೀರಿ. ಆ ಸಾಲಿನ ಹಿಂದೆ ಇಂಥ ಲೆಕ್ಕವಿದೆ.

ಸುಂಕ ಹೊಸ ಔಷಧಿಯೇನೂ ಅಲ್ಲ. 1981ರಲ್ಲಿ ಅಮೆರಿಕದ ಒತ್ತಾಯಕ್ಕೆ ಮಣಿದು ಜಪಾನು ತನ್ನ ಕಾರುಗಳ ರಫ್ತಿಗೆ ತಾನೇ ಮಿತಿ ಹಾಕಿಕೊಂಡಿತು. ಗೋಡೆ ಏಳುವ ಮುನ್ಸೂಚನೆಯನ್ನು ಮೊದಲೇ ಅರಿತಿದ್ದ ಹೋಂಡಾ 1982ರಲ್ಲಿ ಓಹಾಯೋದಲ್ಲಿ ಕಾರು ತಯಾರಿಸತೊಡಗಿತು. 1988ರಲ್ಲಿ ಟೊಯೋಟಾ ಕೆಂಟಕಿಗೆ ಬಂದಿತು. ಹೀಗೆ ಕೆಲಸವೇನೋ ಈ ದೇಶಕ್ಕೆ ಬಂದಿತು. ಆದರೆ ಅದು ಬಂದುದು ಬೇರೆ ಊರಿಗೆ, ಬೇರೆ ಕೈಗಳಿಗೆ. ಡೆಟ್ರಾಯಿಟಿನಲ್ಲಿ ಕೆಲಸ ಕಳೆದುಕೊಂಡವರ ಮನೆಗಲ್ಲ. ರಕ್ತ ಸೋರುವ ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟುವುದು ಒಮ್ಮೊಮ್ಮೆ ಅನಿವಾರ್ಯ. ಆದರೆ ಕಟ್ಟಿ ಮರೆತರೆ ತೋಳೇ ಹೋಗುತ್ತದೆ. ಸುಂಕವೂ ಅಂಥದೇ ಚಿಕಿತ್ಸೆ.

ನಮ್ಮ ರೆಂಟನ್‌ನಲ್ಲಿ ಕೆನ್‌ವರ್ತ್ ಲಾರಿಗಳ ಕಾರ್ಖಾನೆಯಿದೆ. ಕೆನ್‌ವರ್ತ್ 1923ರಲ್ಲಿ ಸಿಯಾಟಲ್‌ನಲ್ಲೇ ಹುಟ್ಟಿದ ಹೆಸರು. ಅದರ ಒಡೆತನ ಹೊಂದಿದ ಪಕಾರ್ ಕಂಪನಿಯ ಕೇಂದ್ರ ಕಚೇರಿ ಬೆಲ್‌ವ್ಯೂ ನಗರದಲ್ಲಿದೆ. 2025ರ ನವೆಂಬರ್ 1ರಿಂದ ಆಮದಾದ ಭಾರಿ ಲಾರಿಗಳ ಮೇಲೂ ಶೇಕಡ 25ರ ಸುಂಕ ಬಂದಿತು. ಇಲ್ಲಿ ಲಾರಿ ಕಟ್ಟುವವರಿಗೆ ಇದು ಲಾಭವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅದೇ ವರ್ಷದ ಜೂನ್ ತಿಂಗಳಲ್ಲಿ ಉಕ್ಕು ಮತ್ತು ಅಲ್ಯುಮಿನಿಯಮ್ಮಿನ ಮೇಲಿನ ಸುಂಕ ಶೇಕಡ 50ಕ್ಕೆ ಏರಿತ್ತು, ಉಕ್ಕಿಲ್ಲದೆ ಲಾರಿಯಿಲ್ಲ. ಒಂದು ಕೈಯಲ್ಲಿ ಕೊಟ್ಟುದನ್ನು ಇನ್ನೊಂದು ಕೈ ಕಿತ್ತುಕೊಂಡಂತಾಯಿತು.

ಈಗ ನಮ್ಮ ನಾಡಿನ ಕಡೆ ತಿರುಗೋಣ. ಮೋಟಾರು ಉದ್ಯಮಕ್ಕೂ ಕರ್ನಾಟಕಕ್ಕೂ ಇರುವ ನಂಟು ನಮ್ಮಲ್ಲಿ ಅನೇಕರು ತಿಳಿದಿರುವುದಕ್ಕಿಂತ ಹಳೆಯದು. ದಿವಾನಗಿರಿ ಬಿಟ್ಟು ಬಹುಕಾಲವಾಗಿದ್ದ, ಎಪ್ಪತ್ತು ದಾಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವಿನಲ್ಲಿ ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ಭಾರತದಲ್ಲಿ ಅಂಥದೊಂದನ್ನು ಸ್ಥಾಪಿಸಲು ಯೋಜನೆ ಸಿದ್ಧಪಡಿಸಿದರು. ಆ ಕನಸನ್ನು ಕೈಗೆತ್ತಿಕೊಂಡವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನವೂ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಬೆಂಬಲಕ್ಕೆ ಮುಂದಾಯಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಾರಿನ ಕಾರ್ಖಾನೆ ಮೈಸೂರಿಗೆ ಬರಲಿಲ್ಲ; ವಾಲ್‌ಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಆದರೆ ಅದೇ ವಾಲ್‌ಚಂದ್ ಮತ್ತು ಅದೇ ಮೈಸೂರು ಸರ್ಕಾರ ಕೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಕಾರು ತಪ್ಪಿದ ಊರಿಗೆ ವಿಮಾನ ಬಂದಿತು. ಅದರೊಡನೆ ಲೋಹವನ್ನು ಕೂದಲೆಳೆಯ ನಿಖರತೆಗೆ ಕೊರೆಯಬಲ್ಲ ಸಾವಿರಾರು ಕೈಗಳು ಪಳಗಿದವು. ಬೋಯಿಂಗ್ ಬೆಳೆದ ಈ ಊರಿನಲ್ಲಿ ಕುಳಿತ ನಮಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ಕತೆ ಮೈಸೂರಿನದು. 1961ರಲ್ಲಿ ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್ ಸೈಕಲ್ಲುಗಳು ತಯಾರಾಗತೊಡಗಿದವು. ಮುಂದೆ ಅವುಗಳ ಹೆಸರು ಯೆಜ್ದಿ ಎಂದಾಯಿತು. ನಮ್ಮ ವಯಸ್ಸಿನವರಿಗೆ ಕಾಲೇಜಿನ ದಿನಗಳೆಂದರೆ ಆ ಇಂಜಿನ್ನಿನ ಸದ್ದು ಕಿವಿಯಲ್ಲಿ ಮೊಳಗುತ್ತದೆ. ಆಗ ಹೊರದೇಶದ ಗಾಡಿಗಳಿಗೆ ಭಾರತದ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಆ ರಕ್ಷಣೆಯ ನೆರಳಿನಲ್ಲಿ ಯೆಜ್ದಿ ದಶಕಗಳ ಕಾಲ ಹೆಚ್ಚು ಬದಲಾಗದೆ ಓಡಿತು. 1980ರ ದಶಕದ ನಡುವಿನಲ್ಲಿ ಜಪಾನೀ ಸಹಯೋಗದ ಹಗುರ ಬೈಕುಗಳು ಬಂದವು. ಒಂದು ಲೀಟರಿಗೆ ಅವು ಓಡುತ್ತಿದ್ದ ದೂರ ಜನರನ್ನು ಸೆಳೆಯಿತು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೆಸರುಗಳು ಮತ್ತೆ ರಸ್ತೆಗೆ ಬಂದವು. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮರಳಿತು, ಕೆಲಸ ಮೈಸೂರಿಗೆ ಮರಳಲಿಲ್ಲ.

ಈ ಎರಡು ಕತೆಗಳನ್ನು ಕೂಡಿಸಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ರಕ್ಷಣೆ ಸಿಕ್ಕಮಾತ್ರಕ್ಕೆ ಉದ್ಯಮ ಉಳಿಯುವುದಿಲ್ಲ. ಅವಕಾಶ ತಪ್ಪಿದಮಾತ್ರಕ್ಕೆ ಊರು ಅಳಿಯುವುದೂ ಇಲ್ಲ. ಊರಿನ ಕೈಗಳು ಹೊಸ ವಿದ್ಯೆ ಕಲಿಯುತ್ತಿವೆಯೋ ಇಲ್ಲವೋ ಎಂಬುದೇ ನಿರ್ಣಾಯಕ.

ಬೆಂಗಳೂರಿನ ಆಡುಗೋಡಿ ಇದಕ್ಕೆ ಇನ್ನೊಂದು ಸಾಕ್ಷಿ. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ಅಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. ಇಂದು ಬಾಷ್ ಎಂಬ ಹೆಸರಿನಲ್ಲಿರುವ ಅದರ ಡೀಸೆಲ್ ವಿಭಾಗದ ತಯಾರಿಕೆ ಬಿಡದಿಗೆ ಹೋಗಿದೆ. ಆಡುಗೋಡಿಯ ಆವರಣದಲ್ಲಿ 2022ರಲ್ಲಿ ತಂತ್ರಾಂಶ ಮತ್ತು ಸಂಶೋಧನೆಯ ಹೊಸ ಕೇಂದ್ರ ತಲೆಯೆತ್ತಿತು. ಬಿಡದಿಯಲ್ಲೇ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಕೆ ಆರಂಭಿಸಿತು. ಮುಂದೆ ಇನ್ನೋವಾ ಬಂದಿತು. ಊರಿಗೆ ಹೋದಾಗ ವಿಮಾನ ನಿಲ್ದಾಣದಿಂದ ನಮ್ಮನ್ನು ಕರೆದೊಯ್ಯುವ ಗಾಡಿ ಬಹುಪಾಲು ಅದೇ. ಅಲ್ಲಿ ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. 2006, 2014 ಮತ್ತು 2020ರಲ್ಲಿ ಕಾರ್ಮಿಕ ವಿವಾದದಿಂದ ಕಾರ್ಖಾನೆಗೆ ಬೀಗ ಬಿದ್ದಿತ್ತು. 2001ರಲ್ಲಿ, ವಿದ್ಯುತ್ ಕಾರಿನ ಮಾತನ್ನು ಜಗತ್ತು ಇನ್ನೂ ನಗುತ್ತಾ ಕೇಳುತ್ತಿದ್ದ ಕಾಲದಲ್ಲಿ, ಚೇತನ್ ಮೈನಿಯವರ ಪುಟ್ಟ ರೇವಾ ಬೆಂಗಳೂರಿನಿಂದಲೇ ಹೊರಬಂದು ಲಂಡನ್ ಬೀದಿಗಳಲ್ಲೂ ಓಡಾಡಿತು. 2010ರಲ್ಲಿ ಅದನ್ನು ಮಹೀಂದ್ರ ಕಂಪನಿ ಕೊಂಡಿತು.

ರೇವಾ ಮುನ್ನುಡಿ ಬರೆದ ವಿದ್ಯುತ್ ಗಾಡಿಯೇ ಇಂದು ಉದ್ಯಮದ ದೊಡ್ಡ ಬಿರುಗಾಳಿ. ಅದರ ಮೂಲ ಚೀನಾ. 2023ರಲ್ಲಿ ಚೀನಾ ಜಪಾನನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಕಾರು ರಫ್ತುಗಾರ ದೇಶವಾಯಿತು. 2025ರಲ್ಲಿ ಪೂರ್ಣ ವಿದ್ಯುತ್ ಕಾರುಗಳ ಮಾರಾಟದಲ್ಲಿ ಅಲ್ಲಿನ ಬಿವೈಡಿ ಕಂಪನಿ ಟೆಸ್ಲಾವನ್ನು ಮೀರಿಸಿತು. ಅಮೆರಿಕ 2024ರಲ್ಲೇ ಚೀನಾದ ವಿದ್ಯುತ್ ಕಾರುಗಳಿಗೆ ಶೇಕಡ 100ರ ಸುಂಕದ ಕೋಟೆ ಕಟ್ಟಿತ್ತು. ಕೋಟೆಯಿಲ್ಲದ ಮಾರುಕಟ್ಟೆಗಳಲ್ಲಿ ಹಳೆಯ ದಿಗ್ಗಜರು ಬೆವರುತ್ತಿದ್ದಾರೆ. ಫೋಕ್ಸ್‌ವ್ಯಾಗನ್ 2030ರೊಳಗೆ ಜರ್ಮನಿಯಲ್ಲಿ 35,000 ಹುದ್ದೆಗಳನ್ನು ಕಡಿಮೆ ಮಾಡಲು 2024ರ ಡಿಸೆಂಬರಿನಲ್ಲಿ ಕಾರ್ಮಿಕರೊಡನೆ ಒಪ್ಪಂದ ಮಾಡಿಕೊಂಡಿತು. ನಿಸ್ಸಾನ್ 2025ರಲ್ಲಿ 20,000 ಹುದ್ದೆಗಳ ಕಡಿತವನ್ನೂ, ತನ್ನ 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುವುದನ್ನೂ ಪ್ರಕಟಿಸಿತು. ಆಡುಗೋಡಿಗೆ ಉದ್ಯೋಗ ತಂದ ಬಾಷ್ ಕಂಪನಿಯೂ ಅದೇ ವರ್ಷ ತನ್ನ ಮೋಟಾರು ವಿಭಾಗದಲ್ಲಿ ಇನ್ನೂ 13,000 ಹುದ್ದೆಗಳನ್ನು, ಬಹುಪಾಲು ಜರ್ಮನಿಯಲ್ಲೇ, ತೆಗೆಯುವುದಾಗಿ ಸಾರಿತು.

ಗೋಡೆ ಕಟ್ಟಿದವರೂ ನಿಶ್ಚಿಂತರಲ್ಲ. ವಿದ್ಯುತ್ ಮೋಟಾರಿನೊಳಗೆ ವಿರಳ ಭೂಧಾತುಗಳಿಂದ ಮಾಡಿದ ಅಯಸ್ಕಾಂತಗಳಿರುತ್ತವೆ. ಅವುಗಳ ತಯಾರಿಕೆ ಬಹುಪಾಲು ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ಅವುಗಳ ರಫ್ತನ್ನು ಬಿಗಿಗೊಳಿಸಿದಾಗ, ಷಿಕಾಗೋದಲ್ಲಿ ಫೋರ್ಡ್ ಕಂಪನಿ ಒಂದು ಕಾರ್ಖಾನೆಯನ್ನು ಮೇ ತಿಂಗಳಲ್ಲಿ ಒಂದು ವಾರ ನಿಲ್ಲಿಸಬೇಕಾಯಿತು. ಭಾರತದ ವಿದ್ಯುತ್ ಸ್ಕೂಟರು ತಯಾರಕರೂ ತೊಳಲಾಡಿದರು. ಬೆಂಗಳೂರಿನಲ್ಲಿ ರೂಪುಗೊಂಡು, ಕನ್ನಡಿಗರೂ ಬಹುಸಂಖ್ಯೆಯಲ್ಲಿರುವ ಗಡಿಯಾಚೆಯ ಹೊಸೂರಿನಲ್ಲಿ ತಯಾರಾಗುವ ಸ್ಕೂಟರುಗಳಿಗೂ ಇದೇ ಅಯಸ್ಕಾಂತ ಬೇಕು. ಅಂಗೈಯಲ್ಲಿ ಹಿಡಿಯಬಹುದಾದ ವಸ್ತುವೊಂದು ಇಡೀ ಕಾರ್ಖಾನೆಯ ಸಾಲನ್ನು ನಿಲ್ಲಿಸಬಲ್ಲದು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ: ಈ ಒತ್ತಡ ಮೊದಲು ತಾಕುವುದು ಯಾರನ್ನು? ದೇಹದಲ್ಲಿ ರಕ್ತ ಕಡಿಮೆಯಾದಾಗ ಪ್ರಕೃತಿ ಹೃದಯ, ಮಿದುಳುಗಳನ್ನು ಉಳಿಸಿಕೊಳ್ಳಲು ಕೈಕಾಲುಗಳ ರಕ್ತವನ್ನು ತಡೆಯುತ್ತದೆ. ಆದುದರಿಂದಲೇ ವೈದ್ಯರು ರೋಗಿಯ ಬೆರಳ ತುದಿಯನ್ನು ಮುಟ್ಟಿ ನೋಡುತ್ತಾರೆ. ಆಪತ್ತಿನ ಸುದ್ದಿ ಅಲ್ಲಿ ಮೊದಲು ತಿಳಿಯುತ್ತದೆ. ಮೋಟಾರು ಉದ್ಯಮದ ಬೆರಳ ತುದಿಗಳು ಪೀಣ್ಯದಂಥ ಕೈಗಾರಿಕಾ ಬಡಾವಣೆಗಳಲ್ಲಿವೆ.

ಅಲ್ಲಿನ ಒಂದು ಸಣ್ಣ ವರ್ಕ್‌ಶಾಪನ್ನು ಕಲ್ಪಿಸಿಕೊಳ್ಳಿ. ನಾಲ್ಕಾರು ಯಂತ್ರ, ಹತ್ತು ಹನ್ನೆರಡು ಕೆಲಸಗಾರರು. ಆ ವರ್ಕ್‌ಶಾಪು ಬಿಡಿಭಾಗ ಕೊಡುವುದು ಕಾರಿನ ಕಂಪನಿಗಲ್ಲ. ಆ ಕಂಪನಿಗೆ ಸರಕು ಕೊಡುವವರಿಗೆ ಸರಕು ಕೊಡುವವರಿಗೆ. ಮೇಲಿನವರಿಗೆ ಸುಂಕದ ಹೊರೆ ಬಿದ್ದರೆ ಕೆಳಗಿನವರಿಗೆ ಬೆಲೆ ಇಳಿಸಿರೆಂಬ ಪತ್ರ ಬರುತ್ತದೆ. ಕಾರ್ಖಾನೆ ಒಂದು ವಾರ ನಿಂತರೆ ಇಲ್ಲಿ ಆರ್ಡರು ಒಂದು ತಿಂಗಳು ನಿಲ್ಲುತ್ತದೆ. ಸಣ್ಣ ಉದ್ಯಮಗಳ ಬಾಕಿಯನ್ನು ಹೆಚ್ಚೆಂದರೆ 45 ದಿನಗಳೊಳಗೆ ತೀರಿಸಬೇಕೆಂದು 2006ರ ಕಾಯಿದೆ ಹೇಳುತ್ತದೆ. ಆದರೆ ಮುಂದಿನ ಆರ್ಡರಿನ ಆಸೆಯಿರುವವನು ದೊಡ್ಡ ಗಿರಾಕಿಯ ಮೇಲೆ ದೂರು ಕೊಡುವುದು ಅಪರೂಪ. ಬ್ಯಾಂಕಿನ ಬಡ್ಡಿಯಾದರೋ ಯಾರಿಗೂ ಕಾಯುವುದಿಲ್ಲ. ಇನ್ನೂ ದೊಡ್ಡ ಆತಂಕವೆಂದರೆ, ವಿದ್ಯುತ್ ಕಾರಿನಲ್ಲಿ ಪಿಸ್ಟನ್ ಇಲ್ಲ, ಇಂಜೆಕ್ಟರ್ ಇಲ್ಲ, ಹೊಗೆಕೊಳವೆಯೂ ಇಲ್ಲ. ಮೂವತ್ತು ವರ್ಷ ಇವನ್ನೇ ಕೊರೆದು ಉಜ್ಜಿದವನ ಸಾಮಾನನ್ನು ಕೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾರೆ. ಅವನ ಕೈಯಲ್ಲಿರುವ ವಿದ್ಯೆ ಮಾತ್ರ ಹಳತಾಗಿಲ್ಲ. ಅದೇ ಕೈ ವಿದ್ಯುತ್ ಮೋಟಾರಿನ ಶಾಫ್ಟನ್ನೂ, ವಿಮಾನದ ಭಾಗವನ್ನೂ, ನಮ್ಮ ಶಸ್ತ್ರಚಿಕಿತ್ಸೆಯ ಉಪಕರಣವನ್ನೂ ಮಾಡಬಲ್ಲದು. ಅದಕ್ಕೆ ಹೊಸ ಯಂತ್ರ ಬೇಕು, ಹೊಸ ತರಬೇತಿ ಬೇಕು, ಕಲಿಯುವಷ್ಟು ಕಾಲ ಮನೆ ನಡೆಯಬೇಕು.

ಇಲ್ಲಿ ಕುಳಿತ ನಾವು ಸುಂಕವನ್ನು ಏರಿಸಲಾರೆವು, ಇಳಿಸಲಾರೆವು. ಆದರೆ ನಾವು ಊರಿಗೆ ಕಳುಹಿಸುವ ದಾನ ಎಲ್ಲಿಗೆ ಹೋಗಬೇಕೆಂಬುದು ನಮ್ಮ ಕೈಯಲ್ಲಿದೆ. ದೇವಸ್ಥಾನಕ್ಕೆ, ಆಸ್ಪತ್ರೆಗೆ, ಓದಿದ ಶಾಲೆಗೆ ಕೊಡುತ್ತೇವೆ, ಅದು ಸರಿಯೇ. ಜೊತೆಗೆ, ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ಕಿನಲ್ಲಿ ಕಲಿಯುವ ಹಳ್ಳಿಯ ಹುಡುಗನ, ಹುಡುಗಿಯ ಊಟ ವಸತಿಯ ಖರ್ಚನ್ನೂ ನೆನೆಯೋಣ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇಂದು ರಾಜ್ಯದ ಹಲವು ಜಿಲ್ಲೆಗಳಲ್ಲಿ ಅಚ್ಚು ಉಪಕರಣಗಳ ವಿದ್ಯೆ ಕಲಿಸುತ್ತಿದೆ. ಬಿಡದಿಯಲ್ಲಿ ಟೊಯೋಟಾ 2007ರಲ್ಲಿ ತೆರೆದ ತರಬೇತಿ ಶಾಲೆ ಹತ್ತನೆಯ ತರಗತಿ ಮುಗಿಸಿದ ಬಡ ಮಕ್ಕಳನ್ನು ಅಲ್ಲೇ ಇರಿಸಿಕೊಂಡು ಕಲಿಸುತ್ತದೆ. ಇವು ನಮಗೆ ಮಾದರಿ. ನಮ್ಮಲ್ಲಿ ನಿವೃತ್ತರಾದ ಇಂಜಿನಿಯರುಗಳಿದ್ದಾರೆ. ವರ್ಷಕ್ಕೆ ಒಂದು ತಿಂಗಳು ತಮ್ಮ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಕಳೆದರೆ ಅದು ಹಣಕ್ಕಿಂತ ಹೆಚ್ಚಿನ ಕೊಡುಗೆಯಾದೀತು.

ಇನ್ನೊಂದು ಮಾತು, ಮನೆಯೊಳಗಿನದು. ನಮ್ಮ ಮಕ್ಕಳಿಗೆ ವೈದ್ಯ, ಇಂಜಿನಿಯರು ಎಂಬೆರಡೇ ದಾರಿ ತೋರಿಸಿ ಬೆಳೆಸಿದ್ದೇವೆ. ಕೈಯಿಂದ ದುಡಿಯುವವರನ್ನು ಅವರ ಎದುರಿನಲ್ಲಿ ಹಗುರವಾಗಿ ಆಡಿಕೊಳ್ಳದಿರೋಣ. ಕಾರಿನ ಬ್ರೇಕು ಹಿಡಿಯುವುದು, ವಿಮಾನ ಸುರಕ್ಷಿತವಾಗಿ ಇಳಿಯುವುದು ಯಾರೋ ಒಬ್ಬರು ಲೇತಿನ ಮುಂದೆ ನಿಂತು ಅಳತೆ ತಪ್ಪದೆ ಮಾಡಿದ ಕೆಲಸದಿಂದ ಎಂಬುದು ಅವರಿಗೆ ತಿಳಿದಿರಲಿ.

ನಮ್ಮ ಸಂಘ ಈ ವರ್ಷ ಇಂಥ ಒಬ್ಬ ವಿದ್ಯಾರ್ಥಿಯ ಹೊಣೆಯನ್ನಾದರೂ ಹೊರಬೇಕೆಂಬುದು ನಮ್ಮ ಅರಿಕೆ.